ಕಾಗದದ ಮೇಲೆ ನಡೆದ ಡ್ರಿಲ್ ಮೇಷ್ಟ್ರು

ಎರಡು ದಿನದ ತರಬೇತಿ ಒಬ್ಬ ಒಳ್ಳೆಯ ಮನುಷ್ಯನನ್ನು ಎಷ್ಟು ಕೆಡಿಸಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ, ನಮ್ಮ ಫೈಲಪ್ಪನನ್ನು ನೋಡಿದರೆ ಸಾಕು. ಸೋಮವಾರ ಸಾಧಾರಣ ಗುಮಾಸ್ತನಾಗಿ ಹೋದವನು ಬುಧವಾರ ಸುಧಾರಕನಾಗಿ ಹಿಂತಿರುಗಿದ. ಕೈಯಲ್ಲೊಂದು ಪ್ರಮಾಣಪತ್ರ ಬೇರೆ. ಅದನ್ನು ಬರುವ ದಾರಿಯಲ್ಲೇ ಲ್ಯಾಮಿನೇಟ್ ಮಾಡಿಸಿಕೊಂಡು ಬಂದಿದ್ದ.

ಫೈಲಪ್ಪ ಅವನ ನಿಜವಾದ ಹೆಸರಲ್ಲ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿತ್ತು, ಪಾಪ, ಅಲ್ಲೇ ಉಳಿದುಹೋಯಿತು. ಮನೆಯಲ್ಲಿ ನೋಡಿಕೊಳ್ಳಲು ಆಗದ ಮೂವತ್ತಾರು ಜನ ಹಿರಿಯರು ವರ್ಷಗಟ್ಟಲೆ ಇರುವ ಆರೈಕೆ ಕೇಂದ್ರದಲ್ಲಿ ಅವನು ರೋಗಿಗಳ ದಾಖಲೆ ನೋಡಿಕೊಳ್ಳುವ ಗುಮಾಸ್ತ. ಒಬ್ಬೊಬ್ಬರಿಗೂ ದಿನಕ್ಕೊಂದು ಪುಟ. ಏನು ತಿಂದರು, ಹೇಗೆ ಮಲಗಿದರು, ಮಾತ್ರೆ ನುಂಗಿದರೋ ಉಗಿದರೋ, ಎಲ್ಲವನ್ನೂ ಆಯಾಗಳು ಬರೆಯಬೇಕು. ಹೆಡ್ ಸಿಸ್ಟರ್ ಸಹಿ ಮಾಡಬೇಕು. ಫೈಲಪ್ಪ ಜೋಡಿಸಿ ಬೀರುವಿನಲ್ಲಿ ಇಡಬೇಕು. ಇಪ್ಪತ್ತೆರಡು ವರ್ಷದಿಂದ ಜೋಡಿಸಿ ಇಟ್ಟಿದ್ದ. ಒಂದು ಪುಟವನ್ನಾದರೂ ಓದಿದ್ದನೇ ಎಂದು ಕೇಳಬೇಡಿ.

ತರಬೇತಿಯ ಕಾವು ಆರುವ ಮೊದಲೇ ಅವನು ಬೀರು ತೆರೆದು ಓದಲು ಕೂತ. ಓದಿದರೆ ಅಲ್ಲೇನಿದೆ? ಪ್ರತಿ ಪುಟದಲ್ಲೂ ಒಂದೇ ಮಾತು: 'ಮೇಲಿನಂತೆ'. ನಿನ್ನೆಯದೂ ಮೇಲಿನಂತೆ, ಮೊನ್ನೆಯದೂ ಮೇಲಿನಂತೆ. ಆಯಾಗಳು ಮೂವತ್ತಾರು ಜನರ ದಿನಚರಿಯನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದುದರ ಗುಟ್ಟು ಅದು. ನಾಲ್ಕನೇ ಮಂಚದ ಅಜ್ಜಿಯ 'ಮೇಲಿನಂತೆ' ಯಾವುದರ ಮೇಲೆ ನಿಂತಿದೆ ನೋಡೇಬಿಡೋಣ ಎಂದು ಹಿಂದೆ ಹಿಂದೆ ಹೋದ. ಒಂದೂವರೆ ವರ್ಷ ಹಿಂದಕ್ಕೆ ಹೋದ ಮೇಲೆ ಸಿಕ್ಕಿತು: 'ಹೊಟ್ಟೆ ಕೆಟ್ಟಿದೆ. ಗಂಜಿ ಮಾತ್ರ.'

ಅಯ್ಯೋ ಶಿವನೇ! ಒಂದು ದಿನ ಕೆಟ್ಟ ಹೊಟ್ಟೆಗೆ ಒಂದೂವರೆ ವರ್ಷ ಗಂಜಿ!

"ಅಲ್ಲ ಅಜ್ಜಿ, ನೀವಾದ್ರೂ ಬಾಯಿ ಬಿಟ್ಟು ಕೇಳಬಾರದಿತ್ತಾ?" ಎಂದು ಹೆಡ್ ಸಿಸ್ಟರ್ ಹಣೆ ಚಚ್ಚಿಕೊಂಡರು.

"ಕೇಳಿದೆ ಕಣಮ್ಮ. ಬರೆದಿದೆ ಅಂದ್ರು. ಬರೆದ ಮೇಲೆ ನಾನ್ಯಾರು ಮಾತಾಡೋಕೆ?" ಎಂದರು ಅಜ್ಜಿ.

ಅವತ್ತು ಅಜ್ಜಿಗೆ ಎಲ್ಲರ ಜೊತೆ ಊಟ ಬಂತು. ಅವರು ಎರಡು ಸಲ ಬಡಿಸಿಕೊಂಡು ಉಂಡರು. ಫೈಲಪ್ಪನ ತಲೆ ಮುಟ್ಟಿ, "ನೂರು ವರ್ಷ ಬಾಳಪ್ಪ" ಎಂದರು. ಅಲ್ಲಿಗೆ ಮುಗಿಯಿತು. ಅದೇ ಹಾರೈಕೆ ತಲೆಗೇರಿ ಫೈಲಪ್ಪ ಮಾರನೆಯ ದಿನ ಗೋಡೆಗೆ ಎರಡು ನಿಯಮ ಅಂಟಿಸಿದ. ಒಂದು: 'ಬರೆಯದೆ ಇದ್ದದ್ದು ನಡೆದಿಲ್ಲ. ಬರೆದದ್ದು ನಡೆದಿದೆ.' ಎರಡು: 'ಮೇಲಿನಂತೆ ಎಂದು ಬರೆಯಕೂಡದು. ಪ್ರತಿಯೊಬ್ಬರ ಬಗ್ಗೆಯೂ ದಿನಕ್ಕೆ ಮೂರು ಹೊಸ ಸಾಲು.'

ಆಯಾಗಳ ಪೈಕಿ ಹಿರಿಯಳು ದೊಡ್ಡಾಯಾ. ಅಲ್ಲಿ ಅವಳು ಎತ್ತಿ ಕೂರಿಸದ ಮುದುಕರಿಲ್ಲ, ಬೈದು ಉಣ್ಣಿಸದ ಮುದುಕಿಯರಿಲ್ಲ. ಅವಳು ಗೋಡೆಯನ್ನು ಎರಡು ಸಲ ಓದಿದಳು.

"ಫೈಲಪ್ಪೋರೇ, ಇಲ್ಲಿರೋರಿಗೆ ದಿನಾ ಹೊಸದು ಏನಾಗುತ್ತೆ ಹೇಳಿ? ಹೊಸದು ಆಗೋ ಹಾಗಿದ್ರೆ ಇವರು ಇಲ್ಲಿಗ್ಯಾಕೆ ಬರ್ತಿದ್ರು?"

"ಕಣ್ಣು ಬಿಟ್ಟು ನೋಡಿ, ಕಾಣುತ್ತೆ. ತರಬೇತಿಲಿ ಹೇಳಿಕೊಟ್ಟಿದ್ದಾರೆ."

"ನನ್ನ ಕಣ್ಣಿಗೆ ತೊಳೆಯೋ ಬಟ್ಟೆ ಕಾಣುತ್ತೆ."

ಆದರೂ ಬರೆದರು, ನಿಯಮವೆಂದರೆ ನಿಯಮವಲ್ಲವೇ. ಮೊದಮೊದಲು 'ಇಂದು ಎಡಗಡೆ ತಿರುಗಿ ಮಲಗಿದರು' ಎಂದು ಶುರುವಾಯಿತು. ಬರಬರುತ್ತಾ ಮುದುಕರಿಗೂ ಅದರ ರುಚಿ ಹತ್ತಿತು. ಸಂಜೆ ಚಹಾದ ಹೊತ್ತಿಗೆ ಎಲ್ಲರಿಗೂ ತಮ್ಮ ತಮ್ಮ ಪುಟ ಓದಿಸಿಕೊಳ್ಳುವ ಚಪಲ. ಒಂಬತ್ತನೇ ಮಂಚದವರಿಗೆ ಐದು ಸಾಲು, ತನಗೆ ಮೂರೇ ಸಾಲು ಎಂದು ನಾಲ್ಕನೇ ಮಂಚದ ಅಜ್ಜಿ ಊಟ ಬಿಟ್ಟು ಕೂತರು. ಗಂಜಿಯಿಂದ ಪಾರಾಗಿ ತಿಂಗಳಾಗಿರಲಿಲ್ಲ, ನೋಡಿ! ಕೊನೆಗೆ ದೊಡ್ಡಾಯಾ 'ಸಿಟ್ಟು ಮಾಡಿಕೊಂಡರು, ಸಿಟ್ಟಿನಲ್ಲೂ ಲಕ್ಷಣವಾಗಿ ಕಂಡರು' ಎಂದು ಎರಡು ಸಾಲು ಸೇರಿಸಿದ ಮೇಲೆ ತಟ್ಟೆ ಮುಟ್ಟಿದರು.

ಏನು ಮಾಡಿದರೂ ಮೂರು ಸಾಲು ಹುಟ್ಟದಿದ್ದುದು ಹದಿನೇಳನೇ ಮಂಚದ ಡ್ರಿಲ್ ಮೇಷ್ಟ್ರ ವಿಷಯದಲ್ಲಿ. ನಲವತ್ತು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಎಡ-ಬಲ ಹೇಳಿಕೊಟ್ಟವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗಾಲು ಬಿದ್ದುಹೋಗಿತ್ತು, ಮಾತೂ ಹೆಚ್ಚುಕಡಿಮೆ ನಿಂತಿತ್ತು. ಬೆಳಗ್ಗೆ ಇಬ್ಬರು ಎತ್ತಿ ಕುರ್ಚಿಯಲ್ಲಿ ಕೂರಿಸಿದರೆ ಕಿಟಕಿಯ ಪಕ್ಕ ಸಂಜೆತನಕ ಹಾಗೇ. ಅವರ ಮಗಳು ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದವಳು. ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ವಾಪಸು. ಅವಳಿಗಿದ್ದುದು ಮೂರನೇ ಮಹಡಿಯ ಒಂದೇ ಕೋಣೆ, ಲಿಫ್ಟಿಲ್ಲ. ಭಾನುವಾರ ಮಾತ್ರ ಬಂದು ಅಪ್ಪನ ಉಗುರು ಕತ್ತರಿಸಿ, ವಾರದ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳಿ ಹೋಗುತ್ತಿದ್ದಳು. 'ಕೂತಿದ್ದರು. ಊಟ ಮಾಡಿದರು. ಕೂತಿದ್ದರು.' ಏಳು ಪುಟವೂ ಅಷ್ಟೇ. ಓದಿ ಮುಗಿಸಿ ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತದ್ದನ್ನು ದೊಡ್ಡಾಯಾ ನೋಡಿಬಿಟ್ಟಳು.

ಮರುವಾರದ ಪುಟದಲ್ಲಿ ಹೀಗಿತ್ತು: 'ಕಿಟಕಿಯಿಂದ ಹೊರಗೆ ನೋಡಿ ನಕ್ಕರು.' ಮಗಳು ಅದನ್ನೇ ಐದು ಸಲ ಓದಿದಳು.

ಅಷ್ಟು ಖುಷಿ ಕಂಡ ಮೇಲೆ ದೊಡ್ಡಾಯಾಳ ಪೆನ್ನಿಗೆ ಕಡಿವಾಣವುಂಟೇ! ಅದರ ಮುಂದಿನ ವಾರ ಮೇಷ್ಟ್ರು ಎದ್ದು ನಿಂತರು. ಹದಿನೈದು ದಿನಕ್ಕೆ ಬಾಗಿಲವರೆಗೆ ನಡೆದರು. ತಿಂಗಳಿಗೆ ಅಂಗಳ ಸುತ್ತಿದರು. ನಾಲ್ಕನೇ ತಿಂಗಳಲ್ಲಿ ಮೆಟ್ಟಿಲು ಹತ್ತಿ ಟೆರೇಸಿಗೆ ಹೋಗಿ, ನೇರವಾಗಿ ನಿಲ್ಲಲು ಬಾರದ ಕಾವಲುಗಾರನನ್ನು ಗದರಿಸಿ ಬಂದರು. ಇವೆಲ್ಲ ಪುಟದಲ್ಲಿ. ಹೆಡ್ ಸಿಸ್ಟರ್ ಎಂದಿನಂತೆ ಓದದೆ ಸಹಿ ಹಾಕಿದರು. ಮೇಷ್ಟ್ರು ಮಾತ್ರ ಕಿಟಕಿಯ ಪಕ್ಕ ಕೂತೇ ಇದ್ದರು.

"ಅಕ್ಕ, ನಾನು ಬಂದಾಗ ಮಾತ್ರ ಏಳೋದೇ ಇಲ್ವಲ್ಲ?" ಎಂದು ಮಗಳು ಕೇಳಿದಳು.

"ಭಾನುವಾರ ಅವರಿಗೆ ರಜ ಕಣಮ್ಮ. ಸ್ಕೂಲಲ್ಲಿ ಕೆಲಸ ಮಾಡಿದೋರಲ್ವಾ?" ಎಂದಳು ದೊಡ್ಡಾಯಾ, ರೆಪ್ಪೆ ಬಡಿಯದೆ.

ಮಗಳು ನಂಬಿದಳು. ನಂಬಬೇಕು ಎಂದಿದ್ದವರಿಗೆ ಕಾರಣ ಚಿಕ್ಕದಾದರೂ ಸಾಕು. ಆದರೆ ಅವಳಿಗಿಂತ ಗಟ್ಟಿಯಾಗಿ ನಂಬಿದವನು ಇನ್ನೊಬ್ಬನಿದ್ದ. ಯಾರು ಅಂತೀರಿ, ಫೈಲಪ್ಪ! ದಾಖಲೆ ಕೋಣೆಗೂ ವಾರ್ಡಿಗೂ ನಡುವೆ ಒಂದು ಕಾರಿಡಾರ್ ಅಷ್ಟೇ. ಅದನ್ನು ದಾಟಿ ಒಮ್ಮೆ ಇಣುಕಿ ನೋಡಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಪುಟಗಳಿಗೆ ನಂಬರ್ ಹಾಕುವ ಗಡಿಬಿಡಿಯಲ್ಲಿ ಆ ಪುಣ್ಯಾತ್ಮನಿಗೆ ಪುರುಸೊತ್ತೆಲ್ಲಿ?

"ಗೊತ್ತೇನೇ," ಎಂದ ಹೆಂಡತಿಗೆ, "ನಾನು ದಾಖಲೆ ಸರಿ ಮಾಡಿದ್ದಕ್ಕೆ ಲಕ್ವ ಹೊಡೆದ ಮನುಷ್ಯ ಮೆಟ್ಟಿಲು ಹತ್ತಿದ್ದಾರೆ!"

"ಹೌದಾ? ಹಾಗಾದ್ರೆ ನಮ್ಮನೆ ನಲ್ಲಿ ಸೋರೋದನ್ನೂ ಒಂದು ಪುಟ ಬರೆದು ನಿಲ್ಲಿಸಿ. ಮೂರು ತಿಂಗಳಿಂದ ಹೇಳ್ತಿದ್ದೀನಿ" ಎಂದಳು ಅವಳು.

ಹೆಂಡತಿಗೆ ಅರ್ಥವಾಗದಿದ್ದರೆ ಬೇಡ, ಕೇಂದ್ರ ಕಚೇರಿಗೆ ಅರ್ಥವಾಗುತ್ತದೆ ಎಂದುಕೊಂಡು ಫೈಲಪ್ಪ ಹನ್ನೊಂದು ಪುಟದ ವರದಿ ಬರೆದ. ಹಸಿರು ಶಾಯಿಯಲ್ಲಿ ಒಂದು ನಕ್ಷೆ ಬೇರೆ. ಕೆಳಗಿನ ಮೂಲೆಯಲ್ಲಿ ಕುರ್ಚಿ, ಮೇಲಿನ ಮೂಲೆಯಲ್ಲಿ ಟೆರೇಸು, ನಡುವೆ ಏರುತ್ತಾ ಹೋಗುವ ಗೆರೆ. ಸಹಿ ಮಾಡಬೇಕಿದ್ದ ಹೆಡ್ ಸಿಸ್ಟರ್ ಒಂದು ತಿಂಗಳ ರಜೆಯಲ್ಲಿದ್ದರು. ಇವನೇ 'ಪರವಾಗಿ' ಎಂದು ಸಹಿ ಹಾಕಿ ಕಳಿಸಿದ. ಮಂತ್ರಕ್ಕಿಂತ ಉಗುಳೇ ಜಾಸ್ತಿ ಎನ್ನುವುದು ಇದಕ್ಕೇ.

ಮೂರು ವಾರಕ್ಕೆ ಉತ್ತರ ಬಂತು. ಮೆಚ್ಚುಗೆ ಪತ್ರವೆಂದು ಅವನು ಅಂಚು ಹರಿಯದಂತೆ ಕತ್ತರಿಯಿಂದ ಬಿಡಿಸಿದ. ಒಳಗಿದ್ದುದು ಇಷ್ಟು: 'ಹದಿನೇಳನೇ ಮಂಚದವರು ಪೂರ್ಣ ಚೇತರಿಸಿಕೊಂಡಿರುವುದು ನಿಮ್ಮ ದಾಖಲೆಯಿಂದ ತಿಳಿದಿದೆ. ಮಂಚಕ್ಕಾಗಿ ನಲವತ್ತು ಜನ ಕಾದಿದ್ದಾರೆ. ಶುಕ್ರವಾರ ಅಧಿಕಾರಿಗಳು ಬಂದು ಪರಿಶೀಲಿಸಿ ಇವರನ್ನು ಮನೆಗೆ ಕಳಿಸುವರು. ಮಗಳಿಗೂ ತಿಳಿಸಲಾಗಿದೆ.'

ಆ ಪತ್ರದಲ್ಲೂ ಫೈಲಪ್ಪನಿಗೆ ಕಂಡದ್ದು ಶುಭ ಸಮಾಚಾರವೇ! ಮೇಷ್ಟ್ರಿಗೆ ತಾನೇ ಹೇಳೋಣವೆಂದು ನಾಲ್ಕು ತಿಂಗಳಲ್ಲಿ ಮೊದಲ ಸಲ ಕಾರಿಡಾರ್ ದಾಟಿ ವಾರ್ಡಿಗೆ ಬಂದ.

"ಮೇಷ್ಟ್ರೆಲ್ಲಿ ದೊಡ್ಡಾಯಾ? ಟೆರೇಸ್ ಮೇಲಿದ್ದಾರಾ?"

ದೊಡ್ಡಾಯಾಳ ಕೈಯಲ್ಲಿದ್ದ ಹೊದಿಕೆ ಕೆಳಗೆ ಬಿತ್ತು. "ಇಲ್ಲೇ ಇದ್ದಾರಲ್ಲ."

ಮೇಷ್ಟ್ರು ಕುರ್ಚಿಯಲ್ಲಿದ್ದರು. ಕುತ್ತಿಗೆ ಒಂದು ಕಡೆ ವಾಲಿತ್ತು, ಬಲಗಾಲು ದಿಂಬಿನ ಮೇಲಿತ್ತು. ಫೈಲಪ್ಪ ಅವರನ್ನು ನೋಡಿದ, ಪತ್ರ ನೋಡಿದ, ಮತ್ತೆ ಅವರನ್ನು ನೋಡಿದ.

"ಇವತ್ತು... ಸುಸ್ತಾಗಿದೆಯಾ ಇವರಿಗೆ?"

"ಎರಡು ವರ್ಷದಿಂದ ಸುಸ್ತಾಗಿದೆ" ಎಂದಳು ದೊಡ್ಡಾಯಾ.

"ಮೆಟ್ಟಿಲು?"

"ನಾನು ಹತ್ತಿದ್ದೆ, ಬಟ್ಟೆ ಒಣಗಿಸೋಕೆ. ಅದನ್ನೇ ಅವರ ಹೆಸರಲ್ಲಿ ಬರೆದೆ. ದಿನಾ ಮೂರು ಸಾಲು ಹೊಸದು ಅಂದ್ರಿ. ಎಲ್ಲಿಂದ ತರಲಿ? ಆ ಹುಡುಗಿ ಅಳೋದು ನನ್ನ ಕೈಲಿ ನೋಡೋಕಾಗ್ಲಿಲ್ಲ, ಬರೆದೆ. ತಪ್ಪಾಯ್ತು ಅನ್ನಿ, ಆದ್ರೆ ಮನೆಗೆ ಕಳಿಸ್ತಾರೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ!"

ಫೈಲಪ್ಪ ಪಕ್ಕದ ಮಂಚದ ಅಂಚಿಗೆ ಕುಸಿದು ಕೂತ. ಆ ಮಂಚದಲ್ಲಿ ಮಲಗಿದ್ದವರು, "ಇದೂ ಬರ್ಕೊಳ್ಳಿ, ನನ್ನ ಕಾಲ ಮೇಲೆ ಕೂತರು ಅಂತ" ಎಂದರು.

ಶುಕ್ರವಾರದವರೆಗೆ ಅವನು ಅನ್ನ ಸರಿಯಾಗಿ ಉಣ್ಣಲಿಲ್ಲ. ನಿಜ ಹೇಳಿದರೆ ನಾಲ್ಕು ತಿಂಗಳ ಪುಟಗಳು ಸುಳ್ಳಾಗುತ್ತವೆ, ವರದಿ ಬರೆದ ತಪ್ಪಿಗೆ ಕೆಲಸವೂ ಹೋಗಬಹುದು. ಹೇಳದಿದ್ದರೆ ಮೇಷ್ಟ್ರು ಮೂರನೇ ಮಹಡಿಯ ಕೋಣೆಯಲ್ಲಿ ಬೆಳಗ್ಗೆಯಿಂದ ಸಂಜೆತನಕ ಒಬ್ಬರೇ ಬಿದ್ದಿರಬೇಕು. ಹೆಂಡತಿ ಎಲ್ಲ ಕೇಳಿ, ಮೊದಲ ಸಲ ತಮಾಷೆ ಮಾಡಲಿಲ್ಲ. "ಹೇಳಿಬಿಡ್ರೀ. ಕೆಲಸ ಹೋದ್ರೆ ನಲ್ಲಿ ರಿಪೇರಿಗಾದ್ರೂ ಟೈಮ್ ಸಿಗುತ್ತೆ" ಎಂದಳು. ಸ್ವಲ್ಪವೇ ಮಾಡಿದಳು ಅನ್ನಿ.

ಶುಕ್ರವಾರ ಹತ್ತು ಗಂಟೆಗೆ ಅಧಿಕಾರಿ ಬಂದರು. ಮೂಗಿನ ತುದಿಯಲ್ಲಿ ಕನ್ನಡಕ, ಕಂಕುಳಲ್ಲಿ ಫೈಲಪ್ಪನ ವರದಿ. ಮಗಳು ಕೆಲಸಕ್ಕೆ ರಜ ಹಾಕಿ ಆಗಲೇ ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತಿದ್ದಳು.

"ಸಾರ್, ಅಪ್ಪ ಓಡಾಡ್ತಿರೋದು ನನಗೂ ಸಂತೋಷಾನೇ," ಎಂದಳು. "ಆದ್ರೆ ನಾನು ಮನೇಲಿ ಇರೋದೇ ಇಲ್ಲ. ಮೂರನೇ ಮಹಡಿ ಮೆಟ್ಟಿಲು ಒಬ್ಬರೇ ಇಳಿದುಬಿಟ್ರೆ? ಎಲ್ಲಾದ್ರೂ ಬಿದ್ರೆ?"

"ಸಾರ್," ಎಂದ ಫೈಲಪ್ಪ. ಕೆಮ್ಮಿ ಇನ್ನೊಮ್ಮೆ ಹೇಳಿದ. "ಸಾರ್, ಅವರು ಇಳಿಯಲ್ಲ. ಹತ್ತೂ ಇಲ್ಲ. ಅದೆಲ್ಲ ಸುಳ್ಳು."

"ಯಾವುದು ಸುಳ್ಳು?"

"ವರದಿ ಸುಳ್ಳು, ಸಾರ್. ನಾನು ನೋಡದೆ ಬರೆದೆ."

ಅಧಿಕಾರಿ ಕನ್ನಡಕ ಮೇಲೇರಿಸಿಕೊಂಡರು. "ನೂರಾ ಹನ್ನೆರಡು ದಿನದ ಪುಟ ಇದೆಯಲ್ರೀ! 'ಬರೆದದ್ದು ನಡೆದಿದೆ' ಅಂತ ನೀವೇ ಗೋಡೆಗೆ ಅಂಟಿಸಿದ್ದೀರಿ, ಬರುವಾಗ ಓದಿದೆ. ಸುಳ್ಳು ಅನ್ನೋದಕ್ಕೆ ಎಲ್ಲಾದ್ರೂ ಬರೆದಿದೆಯಾ?"

"ಇಲ್ಲ ಸಾರ್."

"ಮತ್ತೆ?"

ದೊಡ್ಡಾಯಾ ಮುಂದೆ ಬಂದಳು. "ಬರೆದವಳು ನಾನು, ಸಾಹೇಬ್ರೇ. ಅವರದ್ದೇನೂ ಇಲ್ಲ, ಅವರು ಬರೀ ನಂಬಿದ್ರು."

"ಎಲ್ಲಾನೂ ಸುಳ್ಳಾ ಅಕ್ಕ?" ಎಂದು ಮಗಳು ಮೆಲ್ಲಗೆ ಕೇಳಿದಳು. "ಅಂಗಳ ಸುತ್ತಿದ್ದು?"

"ಸುಳ್ಳು ಕಣಮ್ಮ."

"ಬಾಗಿಲವರೆಗೆ ಬಂದಿದ್ದು?"

"ಅದೂನೂ."

"ಕಿಟಕೀಲಿ ನೋಡಿ ನಕ್ಕಿದ್ದು?"

"ಅದು ನಿಜ! ಅದೊಂದು ನಿಜ, ನನ್ನಾಣೆ. ಸ್ಕೂಲ್ ಮಕ್ಕಳು ರಸ್ತೇಲಿ ಸಾಲಾಗಿ ಹೋಗ್ತಿದ್ರು. ಸಾಲು ಅಂದ್ರೆ ಸಾಲೇ ಅಲ್ಲ, ಸೊಟ್ಟಪಟ್ಟ. ನೋಡಿ ನಕ್ಕರು."

ಮಗಳಿಗೆ ನಾಲ್ಕು ತಿಂಗಳು ಗಟ್ಟಿಯಾಗಿ ಓದಿದ್ದೆಲ್ಲ ಒಮ್ಮೆಲೇ ನೆನಪಾಯಿತೋ ಏನೋ, ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಫೈಲಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಭೂಮಿ ಬಾಯಿ ಬಿಡಲಿಲ್ಲ. ನಾಲ್ಕನೇ ಮಂಚದ ಅಜ್ಜಿ ಬಿಟ್ಟರು: "ಅಧಿಕಾರಿಗಳೇ, ನೀವು ಓದಿದ್ದು ಸಾಕು. ಕಣ್ಣಿದೆಯಲ್ಲ, ಆ ಮನುಷ್ಯನನ್ನು ನೋಡಿ!"

ಅಧಿಕಾರಿ ನೋಡಿದರು. ಬಾಗಿ ಮೇಷ್ಟ್ರ ಕಾಲು ಮುಟ್ಟಿದರು, ಮೊಣಕಾಲು ಎತ್ತಿ ಬಿಟ್ಟರು. ಅದು ಒದ್ದೆ ಚೀಲದ ಹಾಗೆ ಧೊಪ್ಪನೆ ದಿಂಬಿನ ಮೇಲೆ ಬಿತ್ತು. ಅವರು ಕೆಟ್ಟವರಲ್ಲ, ಕಾಗದದ ಜೊತೆ ಬಾಳಿದವರು ಅಷ್ಟೇ. ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು.

"ಸರಿ. ಹಳೇ ಪುಟಗಳನ್ನೆಲ್ಲ ರದ್ದು ಮಾಡಿ. ಇವರನ್ನು ಕಳಿಸೋ ಆದೇಶ ವಾಪಸ್. ಹೀಗೆ ಬರ್ಕೊಳ್ತೀನಿ." ಒಂದೊಂದೇ ಪದವನ್ನು ಗಟ್ಟಿಯಾಗಿ ಹೇಳುತ್ತಾ ಬರೆದರು. "ಹದಿನೇಳನೇ ಮಂಚದವರು... ಕಾಲಿನ ಶಕ್ತಿ ಕಳೆದುಕೊಂಡಿದ್ದಾರೆ. ಇನ್ನು ಎಂದೂ... ನಡೆಯಲಾರರು."

ಅಬ್ಬಾ! ಇಡೀ ವಾರ್ಡೇ ಉಸಿರು ಬಿಟ್ಟಿತು. ಮಂಚ ಉಳಿಯಿತು! ದೊಡ್ಡಾಯಾ ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ಫೈಲಪ್ಪ ಅಧಿಕಾರಿಯ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುವುದರಲ್ಲಿದ್ದ.

ಆಗ ಕುರ್ಚಿ ಕಿರುಗುಟ್ಟಿತು.

ಮೇಷ್ಟ್ರು ಎಡಗೈಯಿಂದ ಕುರ್ಚಿಯ ತೋಳು ಹಿಡಿದಿದ್ದರು. ವಾಲಿದ್ದ ಕುತ್ತಿಗೆ ನೆಟ್ಟಗಾಗಿತ್ತು. ಕಣ್ಣು ಅಧಿಕಾರಿಯ ಮೇಲಿತ್ತು, ತಪ್ಪು ಹೆಜ್ಜೆ ಹಾಕಿದ ಹುಡುಗನನ್ನು ಮೈದಾನದಲ್ಲಿ ನೋಡುವ ಹಾಗೆ. ನೋಡುನೋಡುತ್ತಿದ್ದಂತೆ, ಹಲ್ಲು ಕಚ್ಚಿ, ಎದ್ದರು.

"ಕೂತ್ಕೊಳ್ಳಿ ಮೇಷ್ಟ್ರೇ!" ಎಂದು ಫೈಲಪ್ಪ ಕಿರುಚಿದ. ಈಗಷ್ಟೇ ಉಳಿದ ಮಂಚ! "ದಮ್ಮಯ್ಯ ಕೂತ್ಕೊಳ್ಳಿ!"

ಕೂರಲಿಲ್ಲ. ಎಡಗಾಲು ಮುಂದಿಟ್ಟರು. ಬಲಗಾಲನ್ನು ಎಳೆದು ತಂದು ಅದರ ಪಕ್ಕ ನಿಲ್ಲಿಸಿದರು. ಮಗಳು ಬಾಯಿ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತಳು. "ಅಪ್ಪಾ..." ಮತ್ತೆ ಎಡಗಾಲು. ಹಣೆಯಿಂದ ಬೆವರು ಇಳಿಯಿತು. ಇನ್ನೊಮ್ಮೆ ಬಲಗಾಲು ಎಳೆಯುವಷ್ಟರಲ್ಲಿ ಮೈಯೆಲ್ಲ ಗಡಗಡ ನಡುಗಿ ಮುಂದಕ್ಕೆ ಕುಸಿದರು. ಎದುರಿಗಿದ್ದ ಅಧಿಕಾರಿ ಕಾಗದ, ಪೆನ್ನು, ಕನ್ನಡಕ ಎಲ್ಲ ಬಿಟ್ಟು ಎರಡೂ ತೋಳಿನಿಂದ ಅವರನ್ನು ಹಿಡಿದುಕೊಂಡರು.

ಮೇಷ್ಟ್ರ ಎದೆ ಡಬಡಬ ಹೊಡೆದುಕೊಳ್ಳುವುದು ಹಿಡಿದುಕೊಂಡವರಿಗೂ ಗೊತ್ತಾಗುತ್ತಿತ್ತು. ಅಧಿಕಾರಿ ಮಗಳ ಜೊತೆ ಸೇರಿ ಅವರನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದರು.

"ಸಾರ್, ಮಂಚ?" ಎಂದ ಫೈಲಪ್ಪ, ಅಳುಮುಖ ಮಾಡಿಕೊಂಡು.

"ಇಷ್ಟಕ್ಕೇ ಇವರನ್ನು ಮೂರನೇ ಮಹಡಿಗೆ ಕಳಿಸ್ತಾರೇನ್ರೀ? ನಾನೇನು ರಾಕ್ಷಸನಾ?" ಎಂದು ಅಧಿಕಾರಿ ರೇಗಿದರು. ನೆಲದಿಂದ ಕಾಗದ ಎತ್ತಿ 'ಎಂದೂ ನಡೆಯಲಾರರು' ಎಂಬುದನ್ನು ಹೊಡೆದು ಹಾಕಿದರು. "ಮಂಚ ಇವರದ್ದೇ. ದಿನಾ ಇಬ್ಬರು ಹಿಡ್ಕೊಂಡು ನಡೆಸಬೇಕು. ನಿಮ್ಮ ಆ ಹನ್ನೊಂದು ಪುಟಕ್ಕೆ ನಿಮಗೆ ಮೆಮೊ ಬರುತ್ತೆ, ಅದು ಬೇರೆ ವಿಷಯ. ಈಗ ಪುಟ ತಗೊಳ್ಳಿ. ನೀವು ಕಣ್ಣಾರೆ ಏನು ನೋಡಿದ್ರೋ ಅಷ್ಟನ್ನೇ ಬರೀರಿ."

ಫೈಲಪ್ಪ ಕಿಟಕಿಯ ಕಟ್ಟೆ ಮೇಲೆ ಪುಟ ಇಟ್ಟು ಬರೆದ. ಇಪ್ಪತ್ತೆರಡು ವರ್ಷದಲ್ಲಿ ಅವನು ನೋಡಿ ಬರೆದ ಮೊದಲ ಸಾಲು ಅದು. ಮಗಳು ಅದನ್ನು ಇಸಿದುಕೊಂಡು, ಮುಖ ಒರೆಸಿಕೊಂಡು, ಪ್ರತಿ ಭಾನುವಾರದ ಹಾಗೆ ಅಪ್ಪನ ಕಿವಿಯ ಹತ್ತಿರ ಗಟ್ಟಿಯಾಗಿ ಓದಿದಳು. "'ಹನ್ನೊಂದು ಗಂಟೆಗೆ ತಾವಾಗಿಯೇ ಎದ್ದು ಮೂರು ಹೆಜ್ಜೆ ನಡೆದರು.' ಅಪ್ಪಾ, ಇದು ನಿಜ. ನಾನೂ ನೋಡಿದೆ. ಮೂರು ಹೆಜ್ಜೆ!"

ಮೇಷ್ಟ್ರ ತುಟಿ ಅಲುಗಿತು. ಎರಡು ವರ್ಷದಿಂದ ಆ ಬಾಯಿಂದ ಒಂದು ಪೂರ್ತಿ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಬಗ್ಗಿದರು.

"ನಾಲ್ಕು" ಎಂದರು ಮೇಷ್ಟ್ರು.

"ಮೂರು, ಮೇಷ್ಟ್ರೇ" ಎಂದ ಫೈಲಪ್ಪ.

"ನಾಲ್ಕು. ನಲವತ್ತು ವರ್ಷ... ಎಣಿಸಿದೋನು... ನಾನು."

"ನಾಲ್ಕನೇದಕ್ಕೆ ಕಾಲು ನೆಲ ಮುಟ್ಟಲಿಲ್ಲ. ಸಾಹೇಬ್ರು ಹಿಡ್ಕೊಂಡ್ರು."

"ಹೋಗ್ಲಿ ಬಿಡಿ ಫೈಲಪ್ಪೋರೇ, ನಾಲ್ಕು ಅಂತ ಬರೀರಿ. ನಿಮ್ಮ ಗಂಟೇನು ಹೋಗುತ್ತೆ?" ಎಂದಳು ದೊಡ್ಡಾಯಾ. ಒಂಬತ್ತನೇ ಮಂಚದವರು ಮೂರೂವರೆಗೆ ರಾಜಿ ಮಾಡಿಸಲು ನೋಡಿದರು. ಅಧಿಕಾರಿ ಆಗ ತಮ್ಮ ಕಣ್ಣಿಗೆ ಕನ್ನಡಕ ಇರಲಿಲ್ಲವೆಂದು ಜಾರಿಕೊಂಡರು. ಮಗಳು ಒಮ್ಮೆ ಅಪ್ಪನನ್ನು, ಒಮ್ಮೆ ಫೈಲಪ್ಪನನ್ನು ನೋಡಿದಳು. ನಾಲ್ಕು ಎಂದು ಬರೆದುಬಿಡಲು ಫೈಲಪ್ಪನಿಗೂ ಆಸೆಯಾಯಿತು, ಆಗದೆ ಇರುತ್ತದೆಯೇ? ಪೆನ್ನನ್ನು ಪುಟದವರೆಗೆ ತಂದ. ಮತ್ತೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ.

"ಆಗಲ್ಲ ಮೇಷ್ಟ್ರೇ," ಎಂದ. "ನಾನು ನೋಡಿದ್ದು ಮೂರು. ನಾಲ್ಕು ಬೇಕಂದ್ರೆ ನೀವು ನಡೀಬೇಕು."

ಮೇಷ್ಟ್ರು ಅವನನ್ನು ದುರುಗುಟ್ಟಿ ನೋಡಿದರು. ಮುಖ ಕೆಂಪಾಯಿತು. ಮಗಳು ಹೆದರಿ ಅಪ್ಪನ ಭುಜ ಹಿಡಿದಳು.

"ನಾಳೆ," ಎಂದರು ಮೇಷ್ಟ್ರು. ಉಸಿರೆಳೆದುಕೊಂಡು ಮಿಕ್ಕಿದ್ದನ್ನೂ ಹೇಳಿದರು. "ಒಂಬತ್ತಕ್ಕೆ. ಲೇಟಾಗಿ ಬರಬೇಡ."

ಮಾರನೆಯ ದಿನ ಫೈಲಪ್ಪ ದಾಖಲೆ ಕೋಣೆಗೆ ಹೋಗದೆ ನೇರವಾಗಿ ವಾರ್ಡಿಗೆ ಬಂದ. ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಮೇಷ್ಟ್ರು ದೊಡ್ಡಾಯಾಳ ಕೈಯಲ್ಲಿ ತಲೆ ಬಾಚಿಸಿಕೊಂಡು, ಎರಡೂ ಕಾಲಿಗೆ ಬೂಟು ಹಾಕಿಸಿಕೊಂಡು, ಬಾಗಿಲನ್ನೇ ನೋಡುತ್ತಾ ಕೂತಿದ್ದರು.